ಲಿಸ್ಪ್ ಎಂಬ ಮನೆಅಳಿಯ

ಮನೆಅಳಿಯನನ್ನು ಇಟ್ಟುಕೊಂಡವರ ಸಂಕಟ ಇಟ್ಟುಕೊಂಡವರಿಗೇ ಗೊತ್ತು. ನನಗೆ ಮಕ್ಕಳೇ ಇಲ್ಲ. ಆದರೂ ಐವತ್ತು ದಾಟಿದ ಮೇಲೆ ಒಬ್ಬ ಮನೆಅಳಿಯನನ್ನು ತಂದು ಒಳಗೆ ಕೂರಿಸಿಕೊಂಡೆ. ಅವನ ಹೆಸರು ಲಿಸ್ಪ್. ಗಾಬರಿಯಾಗಬೇಡಿ, ಅದು ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ. ಸಿ ಎಂಬ ಇನ್ನೊಂದು ಭಾಷೆಯಲ್ಲಿ ನಾನು ಬರೆದ ಪ್ರೋಗ್ರಾಮಿನೊಳಗೆ ಅವನು ಬಂದು ಸೇರಿದ.

ನಾನು ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಕಂಪ್ಯೂಟರ್ ಕೆಲಸದವನು. ಕಾಲುವೆ ನೀರು ಯಾವ ದಿನ ಯಾವ ಹೊಲಕ್ಕೆ ಎಂದು ಪಾಳಿ ಹಾಕಿಕೊಡುವ ಈ ಪ್ರೋಗ್ರಾಮು ನನ್ನ ಖಾಸಗಿ ಹುಚ್ಚು. ಮಾಡು ಎಂದು ಯಾರೂ ಕೇಳಿರಲಿಲ್ಲ. ಪಾಳಿಯ ನಿಯಮಗಳೋ, ದಿನಕ್ಕೊಂದು ಬಣ್ಣ. ಮೇಲಿನ ಹೊಲದವರು ಹತ್ತಿ ಬಿಟ್ಟು ಭತ್ತ ಹಚ್ಚಿದರೆ ಒಂದು ನಿಯಮ, ಯಾರದೋ ಮನೆಯಲ್ಲಿ ಸಾವಾಗಿ ಪಾಳಿ ಬದಲಿಸಿಕೊಂಡರೆ ಇನ್ನೊಂದು. ಸಿ ಬಿಗಿ ಸ್ವಭಾವದವನು, ಒಂದು ನಿಯಮ ತಿದ್ದಿದರೂ ಇಡೀ ಪ್ರೋಗ್ರಾಮನ್ನು ಮತ್ತೆ ಕಟ್ಟಬೇಕು. ಲಿಸ್ಪ್ ಹಾಗಲ್ಲ, ನಡೆಯುತ್ತಿರುವಾಗಲೇ ಮಾತು ಬದಲಿಸಿದರೂ ಮುಖ ಗಂಟು ಹಾಕಿಕೊಳ್ಳುವುದಿಲ್ಲ. ಅದಕ್ಕೇ ಮನೆ ಸಿಯದು, ನಿಯಮ ಲಿಸ್ಪಿನದು ಎಂದು ಇಬ್ಬರನ್ನೂ ಒಂದೇ ಸೂರಿನಡಿ ಕೂಡಿಸಿದೆ.

ಇದನ್ನೆಲ್ಲ ನಾನು ದಿನಾ ಸಂಜೆ ವಿವರಿಸುತ್ತಿದ್ದದ್ದು ನನ್ನ ಹೆಂಡತಿ ಶರಣಮ್ಮನಿಗೆ. ಅವಳು ನನ್ನ ಕುರ್ಚಿಯ ಹಿಂದೆ ನೆಲದ ಮೇಲೆ ಕಾಲು ಚಾಚಿ, ಗೋಡೆಗೆ ತಲೆ ಆನಿಸಿ, ಮೊರದಲ್ಲಿ ಜೋಳ ಹಸನು ಮಾಡುತ್ತ ಕೇಳುತ್ತಿದ್ದಳು. ಲಿಸ್ಪ್ ಬರೆದದ್ದನ್ನು ತೋರಿಸಿದರೆ, “ಏನ್ರೀ ಇದು, ಬರೇ ಕಂಸಾನ ಅದಾವಲ್ಲ! ಮಾತು ಎಲ್ಲಿ ಅದ?” ಎಂದು ನಗುವಳು. ತಲೆಗೆ ಎಣ್ಣೆ ಹಚ್ಚುವುದರಲ್ಲಿ ಅವಳದು ಧಾರಾಳ ಕೈ. ಗೋಡೆಯ ಮೇಲೆ ರೊಟ್ಟಿಯಗಲದ ಜಿಡ್ಡು ಬಿದ್ದಿತ್ತು. ಬಂದವರ ಮುಂದೆಲ್ಲ ನಾನು, “ಗೋಡಿ ಹಾಳು ಮಾಡ್ಯಾಳ ನೋಡ್ರಿ” ಎಂದು ಗೊಣಗುತ್ತಿದ್ದೆ. ಅವಳು, “ಇರ್ಲಿ ಬಿಡ್ರಿ, ದಿನಾ ನಿಮ್ಮ ಮಾತು ಕೇಳಿ ಅದಕ್ಕೂ ತಲಿ ಬ್ಯಾನಿ ಬಂದಿರ್ತದ, ಸ್ವಲ್ಪ ಎಣ್ಣಿ ಹತ್ಲಿ” ಅನ್ನುವಳು.

ಯುಗಾದಿಗೆ ಮುಂಚೆ ಶರಣಮ್ಮ ಹೋಗಿಬಿಟ್ಟಳು. ಜ್ವರ ಅಂದರು, ಕಲಬುರಗಿಗೆ ಒಯ್ದೆವು, ತಿರುಗಿ ಬರುವಾಗ ಅವಳಿರಲಿಲ್ಲ. ಅದನ್ನು ಇದಕ್ಕಿಂತ ಹೆಚ್ಚು ಹೇಳಲು ನನಗೆ ಬಾಯಿ ಬರುವುದಿಲ್ಲ. ಗೋಡೆಯ ಮೇಲೆ ಜಿಡ್ಡು ಮಾತ್ರ ಉಳಿದಿತ್ತು. ಸಂಜೆ ಕುರ್ಚಿ ತಿರುಗಿಸಿಕೊಂಡು ಅದಕ್ಕೇ ಪ್ರೋಗ್ರಾಮಿನ ಸುದ್ದಿ ಹೇಳುತ್ತಿದ್ದೆ. ಕೇಳಿದವರು ಇವನಿಗೆ ತಲೆ ಕೆಟ್ಟಿದೆ ಅಂದಾರೆಂದು ಈ ವಿಷಯ ಯಾರ ಮುಂದೆಯೂ ಎತ್ತಿರಲಿಲ್ಲ.

ಮಹಾನವಮಿ ಹತ್ತಿರ ಬಂತು. ನಮ್ಮ ಕಡೆ ಹಬ್ಬಕ್ಕೆ ಮುಂಚೆ ಮನೆಯಲ್ಲಿ ಒಂದು ಚಿಂದಿಯೂ ಒಗೆಯದೆ ಉಳಿಯಬಾರದು, ಒಂದು ಗೋಡೆಯೂ ಸುಣ್ಣ ಕಾಣದೆ ನಿಲ್ಲಬಾರದು. ಕೌದಿಗಳೆಲ್ಲ ಕಾಲುವೆ ನೀರು ಕಾಣಲೇಬೇಕು. “ಹೆಣ್ಣಿಲ್ಲದ ಮನಿ, ನಾ ಅಲ್ಲದ ಇನ್ನ್ಯಾರು ಮಾಡಬೇಕು?” ಎಂದು ತಂಗಿ ನಾಗವ್ವ ಸುರಪುರದಿಂದ ಬಂದಿಳಿದಳು. ಬಂದವಳೇ ಸೆರಗು ಸಿಕ್ಕಿಸಿ, “ಅಣ್ಣ, ನೀ ಹೊರಗ ಕುಂದ್ರು, ಧೂಳ ಏಳ್ತದ” ಎಂದು ನನ್ನನ್ನೂ ಲ್ಯಾಪ್‌ಟಾಪನ್ನೂ ಬೇವಿನ ಗಿಡದ ಕೆಳಗೆ ಸಾಗಹಾಕಿದಳು.

ಅಲ್ಲಿಗೆ ಗೋಗಿ ಊರಿನ ರೈತ ಬಸಣ್ಣ ಬಂದ. ಅವನ ಹೊಲ ಕಾಲುವೆಯ ಕಟ್ಟಕಡೆಗೆ. ಪಾಳಿಯಲ್ಲಿ ಅವನ ಹೆಸರು ತೋರಿಸಿ ಬೀಗಿದೆ. ಇಬ್ಬರೂ ಚಹಾ ಕುಡಿದು ಮತ್ತೆ ನೋಡುವಷ್ಟರಲ್ಲಿ ಹೆಸರಿಲ್ಲ, ಆ ಜಾಗದಲ್ಲಿ ಯಾವ ಲಿಪಿಯೂ ಅಲ್ಲದ ಗೀಚು. “ಸಾಹೇಬ್ರ, ಈಗಷ್ಟ ಇದ್ದೆನಲ್ರಿ!” ಎಂದ ಬಸಣ್ಣ. “ಕೊನಿ ಹೊಲಕ್ಕ ನೀರು ಬರಂಗಿಲ್ಲ ಅನ್ನೋದು ಗೊತ್ತಿತ್ತು. ಹೆಸರೂ ಬರಂಗಿಲ್ಲೇನ್ರಿ?” ಬಡಪಾಯಿ ನಕ್ಕೇ ಹೇಳಿದ, ನನಗೆ ಮುಖ ಎತ್ತಲಾಗಲಿಲ್ಲ.

ಅವನು ಹೋದ ಮೇಲೆ ಹಟಕ್ಕೆ ಬಿದ್ದು ಹುಡುಕಿದೆ. ಕಡೆಗೆ ಸಿಕ್ಕಿತು. ನಮ್ಮ ಮನೆಅಳಿಯ ಬರುವಾಗ ಶುಚಿಯ ಹುಚ್ಚಿನ ಒಬ್ಬ ಸೋದರತ್ತೆಯನ್ನೂ ಕರೆತಂದಿದ್ದ. ಅಂದರೆ ಲಿಸ್ಪಿನೊಳಗೆ ತಾನಾಗಿ ಕಸ ತೆಗೆಯುವ ಒಂದು ಏರ್ಪಾಡಿದೆ. ಅದು ಆಗಾಗ ಎದ್ದು, ಯಾರೂ ಹಿಡಿದುಕೊಂಡಿಲ್ಲ ಎನಿಸಿದ ಸಾಮಾನನ್ನೆಲ್ಲ ಗುಡಿಸಿಹಾಕುತ್ತದೆ. ಬಸಣ್ಣನ ಹೆಸರನ್ನು ಲಿಸ್ಪಿನಿಂದ ಸಿ ಈಸಿಕೊಂಡು ಮುಷ್ಟಿಯಲ್ಲಿ ಹಿಡಿದಿದ್ದ. ಆದರೆ ಸಿಯ ಮುಷ್ಟಿ ಅತ್ತೆಯ ಕಣ್ಣಿಗೆ ಕಾಣುವುದಿಲ್ಲ. ‘ಇದು ನನ್ನದು, ಮುಟ್ಟಬೇಡ’ ಎಂದು ಮೊದಲೇ ಹೇಳಿಡಬೇಕು. ಅದಕ್ಕೆ ಒಂದೇ ಒಂದು ಸಾಲು ಸಾಕು. ಆ ಸಾಲನ್ನು ನಾನು ಬರೆದಿರಲಿಲ್ಲ.

ಖುಷಿಗೆ ಎದ್ದು ಒಳಗೆ ಓಡಿದೆ, ಹೇಳಲಿಕ್ಕೆ. ಗೋಡೆ ಹಾಲಿನಷ್ಟು ಬೆಳ್ಳಗಿತ್ತು.

ನಾಗವ್ವ ಕೈಯಲ್ಲಿ ಸುಣ್ಣದ ಬಕೀಟು ಹಿಡಿದು ಬೆವರು ಒರೆಸಿಕೊಂಡಳು. “ಆ ಜಿಡ್ಡು ಬಿಡವಲ್ದಾಗಿತ್ತಣ್ಣ. ಸಾಬೂನು ಹಚ್ಚಿ ತಿಕ್ಕಿ ತಿಕ್ಕಿ, ಆಮ್ಯಾಲ ಸುಣ್ಣ ಹೊಡದೀನಿ. ವೈನಿಗೆ ಎಷ್ಟು ಬೈತಿದ್ದಿ ನೀ ಅದಕ್ಕ!” ನಾನು ಹಸಿ ಸುಣ್ಣದ ಮೇಲೆ ಬೆರಳಾಡಿಸಿದ್ದು ನೋಡಿ ಅವಳ ಮುಖ ಸಣ್ಣದಾಯಿತು. “ಯಾಕಣ್ಣ, ಚಲೋ ಆಗಿಲ್ಲೇನು?”

“ಚಲೋ ಆಗ್ಯಾದವ್ವ” ಅಂದೆ. ಕಣ್ಣಲ್ಲಿ ನೀರ್ಯಾಕೆ ಎಂದಳು. ಸುಣ್ಣದ ಘಾಟು ಅಂದೆ. ಅವಳದೇನು ತಪ್ಪು? ಅಣ್ಣನ ಕಣ್ಣಿಗೆ ಹಿತವಾಗಲಿ ಎಂದು ರಟ್ಟೆ ನೋಯಿಸಿಕೊಂಡಿದ್ದಳು.

ಪ್ರೋಗ್ರಾಮಿಗೆ ಆ ಸಾಲು ಸೇರಿಸಿದ್ದೇನೆ. ಬಸಣ್ಣನ ಹೆಸರು ಈಗ ಅಲ್ಲಾಡುವುದಿಲ್ಲ. ನಾನು ಸಂಜೆ ಹೊತ್ತು ಈ ಬೋಳುತಲೆಗೆ ಧಾರಾಳವಾಗಿ ಎಣ್ಣೆ ಸುರಿದುಕೊಂಡು ಅದೇ ಗೋಡೆಗೆ ಆನಿಸಿ ಕೂರುತ್ತೇನೆ. ಜಿಡ್ಡೇನೋ ಬಿದ್ದಿದೆ, ಒಂದು ಗೇಣು ಮೇಲೆ ಬಿದ್ದಿದೆ. ಶರಣಮ್ಮ ಗಿಡ್ಡಿ. ಅವಳ ಎತ್ತರಕ್ಕೆ ಜಾರಿ ಕೂತರೆ ನನ್ನ ಸೊಂಟ ಹಿಡಿಯುತ್ತದೆ.

ಮೊನ್ನೆ ನಾಗವ್ವ ಫೋನು ಮಾಡಿ, “ಗೋಡಿ ಬೆಳ್ಳಗ ಅದ ಇಲ್ಲಣ್ಣ?” ಎಂದು ಕೇಳಿದಳು. ಸೊಂಟಕ್ಕೆ ಮುಲಾಮು ತಿಕ್ಕಿಕೊಳ್ಳುತ್ತಲೇ, “ಅದವ್ವ” ಅಂದೆ. “ಬರೋ ಮಹಾನವಮಿಗೂ ನಾನ ಬಂದು ಹಚ್ತೀನಿ ತಗೋ” ಅಂದಳು.

“ಬಾರವ್ವ” ಅಂದೆ.