ಎಂಟು ಓಮ್

ರಾಮದುರ್ಗದಲ್ಲಿ ನನ್ನ ಮಾಮಾನಷ್ಟು ಸಲ ‘ಓಮ್’ ಎಂದವರು ಇನ್ನೊಬ್ಬರಿರಲಿಲ್ಲ. ಆದರೆ ಅವರು ಗುಡಿಯ ಮೆಟ್ಟಿಲು ಹತ್ತಿದ್ದನ್ನು ನಾನು ಕಂಡಿಲ್ಲ. ಬಜಾರದಲ್ಲಿ ರೇಡಿಯೋ ರಿಪೇರಿ ಅಂಗಡಿ ಅವರದು. ಅವರ ಓಮ್ ವಿದ್ಯುತ್ತಿನ ಓಮ್. ಕರೆಂಟಿಗೆ ಎದುರಿರುವ ತಡೆಯನ್ನು ಅಳೆಯುವುದು. ಪಕ್ಕದ ಕಿರಾಣಿ ಅಂಗಡಿಯವರು ಮಾತ್ರ, "ಜಪಾ ಭಾಳ ಜೋರ ನಡದೈತ್ರಿ" ಎಂದು ಕೈ ಮುಗಿಯುತ್ತಿದ್ದರು. ಮಾಮಾ ತಿದ್ದಲಿಲ್ಲ. "ಕೈ ಮುಗೀಲಿ ಬಿಡವಾ, ಸಕ್ಕರಿ ಚೊಲೋ ತೂಗಿ ಕೊಡತಾರ" ಎಂದರು ನನಗೆ.

ಅದು ತೊಂಬತ್ತರ ದಶಕ. ಮುಚ್ಚಿಹೋದ ಆರ್ಕೆಸ್ಟ್ರಾ ಒಂದರ ಗಿಟಾರೂ ಅದರ ಆಂಪ್ಲಿಫೈಯರೂ ಅವರ ಪಡಸಾಲೆಗೆ ಬಂದಿದ್ದವು. ಆಂಪ್ಲಿಫೈಯರ್ ಕೆಂಪಗೆ ಉರಿಯುವ ಗಾಜಿನ ಟ್ಯೂಬುಗಳ ಕಾಲದ್ದು. ತಳದಲ್ಲಿ ಸ್ಪ್ರಿಂಗುಗಳ ಪೆಟ್ಟಿಗೆ. ಸಣ್ಣದೊಂದು ಟ್ರಾನ್ಸ್‌ಫಾರ್ಮರ್ ಆ ಸ್ಪ್ರಿಂಗುಗಳನ್ನು ನಡುಗಿಸಿದರೆ ಸ್ವರ ಬಾವಿಯೊಳಗಿಂದ ಬಂದಂತೆ ಗುಂಯ್‌ಗುಡುತ್ತಿತ್ತು.

"ನೋಡವಾ, ಈ ಸ್ಪ್ರಿಂಗಿನ ಪೆಟಗಿ ಎಂಟ್ ಓಮ್. ಟ್ರಾನ್ಸ್‌ಫಾರ್ಮರೂ ಎಂಟ್ ಓಮ್ ಕೇಳತೈತಿ. ಹೊಂದಬೇಕು. ಪೆಟಗಿ ವಾಯರ್ ಕಿತ್ತಿಟ್ಟು ಬಾರಿಸಿದ್ರ ಟ್ರಾನ್ಸ್‌ಫಾರ್ಮರ್ ಸುಡತೈತಿ, ಅದರ ಸಂಗಾಟ ಟ್ಯೂಬೂ ಹೋಗತೈತಿ. ಎದುರಿಗೆ ಏನರ ಲೋಡ್ ಇರಾಕಬೇಕು."

ಈ ಲೆಕ್ಕವನ್ನು ಮನುಷ್ಯರಿಗೂ ಹಚ್ಚುವುದೇ? ನನ್ನ ಅಣ್ಣನಿಗೆ ಕನ್ಯೆ ನೋಡಲು ಮಾಮಾನನ್ನು ಕಟಕೋಳಕ್ಕೆ ಕರೆದೊಯ್ದರೆ, ಅವಲಕ್ಕಿಯನ್ನು ಪೂರ್ತಿ ತಿಂದು, "ಹುಡಗಿ ಚೊಲೋ ಅದಾಳ. ಓಮ್ ಹೊಂದೂದಿಲ್ಲ" ಎಂದರು. ಹುಡುಗಿಯ ತಂದೆ ಗಾಬರಿಯಾದರು. "ನಾವೂ ದಿನಾ ಪೂಜಿ ಮಾಡವರ ಅದೀವ್ರಿ!"

ಸಂಜೆ ಮಾಮಾ ಗಿಟಾರ್ ಹಿಡಿದರೆ ಸಾಕು, ಅತ್ತೆ ಅಡುಗೆಮನೆಯಿಂದ, "ಆ ಪೆಟಗಿ ಬಂದ್ ಮಾಡ್ರಿ, ರೊಟ್ಟಿ ಆರಾಕ ಹತ್ಯಾವು" ಎನ್ನುತ್ತಿದ್ದರು.

"ಬಂತು ನೋಡು, ನನ್ನ ಎಂಟ್ ಓಮ್" ಎಂದು ಮಾಮಾ ಇನ್ನಷ್ಟು ಜೋರಾಗಿ ಬಾರಿಸುತ್ತಿದ್ದರು.

ಅತ್ತೆ ತೀರಿಕೊಂಡರು. ಮಾಮಾ ಮಾತು ಬಿಟ್ಟರು. ಅಂಗಡಿಗೆ ಹೋಗುವುದನ್ನು ಬಿಟ್ಟರು. ತಾಟಿನ ಮುಂದಿನಿಂದ ಉಣ್ಣದೆಯೇ ಏಳತೊಡಗಿದರು.

ಒಂದು ಸಂಜೆ ಅವರ ಮನೆಗೆ ಹೋದಾಗ ಓಣಿಗೇ ಗಿಟಾರ್ ಕೇಳಿಸಿತು. ಸಮಾಧಾನವಾಯಿತು. ಬಾಗಿಲಿಗೆ ಬಂದಾಗ ಮಾತ್ರ ಏನೋ ತಪ್ಪಿದೆ ಅನಿಸಿತು. ಸ್ವರ ಒಣಗಿತ್ತು. ಗುಂಯ್‌ಗುಡುತ್ತಿರಲಿಲ್ಲ. ಸ್ಪ್ರಿಂಗ್ ಪೆಟ್ಟಿಗೆಯ ವಾಯರ್ ನೆಲದ ಮೇಲಿತ್ತು. ತಾನಾಗಿ ಕಳಚಿ ಬಿದ್ದದ್ದಲ್ಲ. ಒಪ್ಪವಾಗಿ ಸುತ್ತಿ ಇಟ್ಟದ್ದು. ಮಾಮಾ ಟ್ಯೂಬಿನ ಕೆಂಪನ್ನೇ ನೋಡುತ್ತ ಬಾರಿಸುತ್ತಿದ್ದರು. ಸುಟ್ಟ ವಾಸನೆ ಆಗಲೇ ಸಣ್ಣಗೆ ಎದ್ದಿತ್ತು.

ಸ್ವಿಚ್ ಕೈಗೆ ಸಿಗುವಷ್ಟು ಹತ್ತಿರವಿತ್ತು. ಆದರೂ ನಾನು ಅದನ್ನು ದಾಟಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೂಗಿದೆ.

"ಆ ಪೆಟಗಿ ಬಂದ್ ಮಾಡ್ರಿ, ರೊಟ್ಟಿ ಆರಾಕ ಹತ್ಯಾವು."

ಅವರ ಬೆರಳು ನಿಂತವು. ಆಮೇಲೆ ಸ್ವಿಚ್ ಆರಿಸಿದರು. ವಾಯರಿನ ಸುತ್ತು ಬಿಚ್ಚಿ ಪೆಟ್ಟಿಗೆಗೆ ಸಿಕ್ಕಿಸಿದರು.

"ನಿಂದು ನಾಕ್ ಓಮ್ ಸುದ್ದಾ ಇಲ್ಲ" ಎಂದರು. "ಇರ್ಲಿ. ರೊಟ್ಟಿ ಎಲ್ಲದಾವು?"

ರೊಟ್ಟಿ ಇರಲಿಲ್ಲ. ನಾನು ಹಿಟ್ಟಿನ ಡಬ್ಬಿ ಇಳಿಸಿದೆ. ಒಲೆ ಹೊತ್ತಿಸಲು ಮಾಮಾ ಎದ್ದು ಬಂದರು.