ಕೂಲರ್ ಗಾಳಿಯಾಗ ನೂರು ಆರ್ಕಿಡ್

ಬಾಳಿಗಿಡದ ಒಂದು ಚೂರಿನಿಂದ ಲ್ಯಾಬಿನಾಗ ಸಾವಿರ ಸಸಿ ಮಾಡ್ತಾರಲ್ಲ, ಟಿಶ್ಯೂ ಕಲ್ಚರ್ ಅಂತ, ಅದರ ಮ್ಯಾಲೆ ನಾನು ಹನ್ನೊಂದು ವಿಡಿಯೊ ನೋಡೀನಿ. ಹನ್ನೊಂದನೇದು ಮುಗಿಯೋ ಹೊತ್ತಿಗೆ ಕೊಟ್ಟೂರಿಗೆ ಒಬ್ಬ ವಿಜ್ಞಾನಿ ಸಿಕ್ಕಿದ್ದ. ನಾನೇ ಅವ!

ನಮ್ಮನ್ಯಾಗ ಇರೋದು ಒಂದೇ ಆರ್ಕಿಡ್. ಮದುವಿ ಆದ ಹೊಸದಾಗಿ ಊಟಿಗೆ ಹೋದಾಗ ನನ್ನ ಹೆಂಡತಿ ಸುನಂದಾ ತಂದದ್ದು. ನೇರಳಿ ಹೂ ಇದ್ದ ಕುಂಡಾನ ತೊಡಿ ಮ್ಯಾಲೆ ಇಟ್ಕೊಂಡು ಬಂದ್ಲು. ಬಸ್ಸು ಹರಪನಹಳ್ಳಿ ದಾಟೂದ್ರಾಗ ಬಿಸಿಗಾಳಿಗೆ ಹೂ ಒಂದೊಂದ ಉದುರಿ, ಮನಿಗೆ ಬಂದದ್ದು ನಾಕು ಎಲಿ. ಆಮ್ಯಾಲೆ ಮೂರು ಬ್ಯಾಸಗಿ ಅದು ಬಚ್ಚಲಮನ್ಯಾಗ ಬದುಕೈತಿ, ಯಾಕಂದ್ರ ನಮ್ಮೂರಾಗ ತೇವ ಅನ್ನೋದು ಇರೋದು ಅಲ್ಲಿ ಮಾತ್ರ. ಬೀಗರು ಬಂದ್ರೂ ಅದರ ಮುಂದೇ ಸ್ನಾನ ಮಾಡ್ಬೇಕು! ಸುನಂದಾ ಹಗರಿಬೊಮ್ಮನಹಳ್ಳಿಗೆ ನರ್ಸ್ ಡ್ಯೂಟಿಗೆ ಹೋಗೋ ಮುಂದ ದಿನಾ ಎಲಿ ಸರಿಸಿ ನೋಡ್ತಿದ್ಲು, ಆ ಹೂ ಮತ್ತ ಬರ್ತೈತೇನಂತ.

ಈ ವರ್ಷ ಹೂವಿನ ದಂಟು ಬಂತು. ಐದು ಮೊಗ್ಗು!

"ಮುಟ್ಟಬ್ಯಾಡ್ರಿ, ತಾನ ಅರಳಲಿ," ಅಂದ್ಲು, ಹೆರಿಗಿ ವಾರ್ಡಿನ ದನಿಯಾಗ.

ಆದ್ರ ವಿಡಿಯೊ ಏನು ಹೇಳ್ತೈತಿ ಅಂದ್ರ, ಸಸಿ ಮಾಡಾಕ ಬೇಕಾಗೋದು ಎಳೇ ದಂಟಿನ ಗೆಣ್ಣು. ಹೂ ಅರಳೋ ತನಕ ಕಾದ್ರ ದಂಟು ಬಲಿತೈತಿ. ಹೆಂಡತಿಗೆ ಐದು ಹೂ ತೋರಸೋದೋ, ನೂರು ಗಿಡ ಮಾಡಿ ಐನೂರು ತೋರಸೋದೋ? ಗಂಡನಾದವನು ದೊಡ್ಡದಾಗಿ ವಿಚಾರ ಮಾಡ್ಬೇಕು. ಅಕಿ ಡ್ಯೂಟಿಗೆ ಹೋದ್ಲು. ನಾನು ಶೇವಿಂಗ್ ಬ್ಲೇಡಿಲೆ ಕತ್ತರಿಸಿದೆ. ಗೆಣ್ಣು ನಾಕು ಸಿಕ್ಕವು; ಮೊಗ್ಗಿನ ತುದಿ ಕೆಲಸಕ್ಕ ಬರಲ್ಲಂತ ಕಸದ ಬುಟ್ಟಿಗೆ ಒಗದೆ.

ಸಕ್ಕರಿ ಜೆಲ್ಲಿ ತುಂಬಿದ ಬಾಟ್ಲಿಗೆ ಕ್ರಿಮಿ ಸಾಯಲಂತ ಕುಕ್ಕರಿನಾಗ ಸೀಟಿ ಹೊಡಿಸಿ ಇಟ್ಟಿದ್ದೆ. ಗೆಣ್ಣು ಒಳಗ ಇಡೋ ಮುಂದ ಒಂದು ಧೂಳಿನ ಕಣಾನೂ ಬೀಳಬಾರದು. ಅದಕ್ಕಂತ ಕೂಲರ್ ರಿಪೇರಿ ಮಾಡೋ ಗೆಳೆಯ ರಫೀಕನ ಕಡೆ ಒಂದು ಗಾಜಿನ ಪೆಟ್ಟಿಗಿ ಮಾಡಿಸಿದ್ದೆ. ಹಿಂದ ಫ್ಯಾನು, ಅದರ ಮುಂದ ಗಾಳಿ ಸೋಸೋ ಫಿಲ್ಟರು. ರಫೀಕಗ ನಮ್ಮೂರಿನ ಬಿಸಲು ಗೊತ್ತು, ನನ್ನ ಮ್ಯಾಲೆ ಪ್ರೀತಿನೂ ಐತಿ. ಬಿಸಿಗಾಳಿ ಊದೋ ಪೆಟ್ಟಿಗಿ ಗೆಳೆಯಗ ಹೆಂಗ ಕೊಡೋದಂತ, ಫಿಲ್ಟರು ತಗದು ಕೂಲರಿನ ಒದ್ದಿ ಹುಲ್ಲು ಕೂಡ್ಸಿ ಕೊಟ್ಟಿದ್ದ! "ಹುಲ್ಲು ನನ್ನ ಕಡಿಯಿಂದ ಲೇ," ಅಂದಿದ್ದ. ಮಾಸ್ಕು, ಗ್ಲೌಸು ಹಾಕ್ಕೊಂಡು ಕುಂತೆ. ಏನು ತಂಪು ಅಂತೀರಿ! ಅರ್ಧ ತಾಸಿನ ಕೆಲಸ ಸಂಜೀತನಕ ಮಾಡ್ದೆ.

ಸುನಂದಾ ಬಂದು ಬಚ್ಚಲಮನಿ ನೋಡಿದ್ಲು. ನೂರು ಗಿಡ ಬರ್ತಾವ ಅಂದೆ.

"ನಾ ನೂರು ಕೇಳಿದ್ನೇನ್ರಿ?"

ಅಷ್ಟೇ. ಕಸದ ಬುಟ್ಟಿಯಿಂದ ಮೊಗ್ಗಿನ ತುದಿ ತಗದು, ಗ್ಲೂಕೋಸ್ ನೀರಿನಾಗ ನಿಲ್ಲಿಸಿ ಕಿಟಕ್ಯಾಗ ಇಟ್ಲು.

ನಾಕನೇ ದಿನ ಬಾಟ್ಲಿಯೊಳಗ ಬೆಳ್ಳಗ ಏನೋ ಮೂಡಿತ್ತು. ಹಸುಗೂಸಿನ ಕೂದಲಿನಂಗ ಮೆತ್ತಗ. ಜೀವಕೋಶ! ರಫೀಕಗ ಪೇಡೆ ಕೊಟ್ಟೆ, ಓಣಿಗೆಲ್ಲಾ ಹಂಚಿದೆ. ಸುನಂದಾ ಬಾಟ್ಲಿ ಬೆಳಕಿಗೆ ಹಿಡದ್ಲು, ಎಕ್ಸ್‌ರೇ ನೋಡೋರಂಗ ತಿರುಗಿಸಿ ನೋಡಿದ್ಲು.

"ಬೂಷ್ಟು ರೀ."

ನಾಕಕ್ಕ ನಾಕೂ ಬೂಷ್ಟು. ಒದ್ದಿ ಹುಲ್ಲಿನ ಬೂಷ್ಟಿಗೆ ಸಕ್ಕರಿ ಹಾಕಿ ಸಾಕಿ, ನಾಮಕರಣ ಮಾಡಿ, ಪೇಡೆ ಹಂಚಿದ್ದೆ ನಾನು!

ಕಿಟಕ್ಯಾಗಿನ ಒಂದು ಮೊಗ್ಗು ಮಾತ್ರ ತುದಿಯಾಗ ಒಂದು ಗೆರಿ ನೇರಳಿ ತೋರಿಸ್ತು. ಎರಡು ದಿನ ಇಬ್ಬರೂ ಅದರ ಮುಂದ ಕುಂತು ಚಾ ಕುಡದ್ವಿ. ಮೂರನೇ ದಿನ ಹಳದಿ ಆಗಿ ಬಿತ್ತು.

ಈಗ ದಿನಾ ಎಲಿ ಸರಿಸೋನು ನಾನು. ಇವತ್ತು ಮುಂಜಾನೆ ಶೇವಿಂಗ್ ಮಾಡ್ತಾ ನೋಡಿದ್ರ ಎಲಿ ಸಂದಿಯಾಗ ಹಸರು ತುದಿ! ದಂಟು ಬಂತಂತ ಕೂಗಿದೆ. ಸುನಂದಾ ರೊಟ್ಟಿ ಬಡಿಯೋದು ಬಿಟ್ಟು ಹಿಟ್ಟಿನ ಕೈಲೆ ಓಡಿ ಬಂದ್ಲು. ಬಗ್ಗಿ ನೋಡಿದ್ಲು.

"ಬೇರು ರೀ."

ಆದ್ರೂ ಅಲ್ಲೇ ನಿಂತ್ಲು. ರೊಟ್ಟಿ ಹೊತ್ತಿದ ವಾಸನಿ ಬಂತು, ಆದ್ರೂ ನಿಂತ್ಲು. ನಾನೂ ನಿಂತೆ. ಹೋಗೋ ಮುಂದ ನನ್ನ ಕೈಯಾಗಿನ ಬ್ಲೇಡ್ ಇಸ್ಕೊಂಡು ಹೋದ್ಲು.

ಇನ್ನೂ ಕೊಟ್ಟಿಲ್ಲ. ಇದನ್ನ ಟೈಪ್ ಮಾಡಾಕತ್ತಿರೋ ವಿಜ್ಞಾನಿಗೆ ಗಡ್ಡ ಐತಿ, ಒಂದೇ ಕಡಿ.