ಮಲ್ಲತ್ತಹಳ್ಳಿಯಲ್ಲಿ ಕೂತು ಮೀನು ಎಣಿಸಿದ್ದು

ಸಮುದ್ರಕ್ಕೂ ಬೆಂಗಳೂರಿನ ಮಲ್ಲತ್ತಹಳ್ಳಿಗೂ ಯಾವ ಸಂಬಂಧವೂ ಇಲ್ಲ. ಆದರೂ ಸಮುದ್ರದ ತಾಪತ್ರಯಗಳು ವಾರಕ್ಕೊಂದರಂತೆ ನಮ್ಮ ಎರಡನೇ ಮಹಡಿಯ ಆಫೀಸನ್ನೇ ಹುಡುಕಿಕೊಂಡು ಬರುತ್ತವೆ. ಕರಾವಳಿಯಲ್ಲಿ ಒಂದು ಬೋಟು ಗೊತ್ತುಮಾಡಿದ ಜಾಗಗಳಲ್ಲಿ ಬಲೆ ಎಳೆದು, ಯಾವ ಜಾತಿಯ ಮೀನು ಎಷ್ಟು ಬಿತ್ತು ಎಂದು ಹಾಳೆಯಲ್ಲಿ ಬರೆದು ಕಳಿಸುತ್ತದೆ. ಅದನ್ನು ಕಂಪ್ಯೂಟರಿಗೆ ಏರಿಸಿ, ತಪ್ಪು ಹೆಕ್ಕಿ ಕೊಡುವುದು ನಮ್ಮ ಕೆಲಸ. ನನಗೋ ಕೂತಲ್ಲಿ ಕೂರಲಾಗದ ಸ್ವಭಾವ. ಒಂದು ಅಂಕಿಯ ಮೇಲೆ ಅನುಮಾನ ಬಂದರೆ ಊಟ ಬಿಟ್ಟು ಮೆಟ್ಟಿಲು ಹತ್ತಿ ಇಳಿಯುತ್ತಿರುತ್ತೇನೆ.

ಮಾಲು ಎಲ್ಲಿ?

ಕಟ್ಟಡದ ಓನರು ಈ ಊರಿನ ಹಳಬರು. ಈಗ ಮನೆಗಳೆದ್ದಿರುವ ಕಡೆ ಅವರ ರಾಗಿ ಹೊಲವಿತ್ತಂತೆ. ನಾನು ಫೋನಿನಲ್ಲಿ ಬಂಗುಡೆ, ಬೂತಾಯಿ ಎಂದು ಕೂಗುವುದನ್ನು ಕೇಳಿ ಒಂದು ಶನಿವಾರ ಮೇಲೆ ಬಂದು, ನಾಳೆಗೆ ಎರಡು ಕೆಜಿ ಬಂಗುಡೆ ತೆಗೆದಿಡಿ ಎಂದರು. ಇಲ್ಲಿಗೆ ಮೀನು ಬರುವುದಿಲ್ಲ, ಬರೀ ಲೆಕ್ಕ ಬರುತ್ತದೆ ಎಂದೆ. ನಂಬಲಿಲ್ಲ. ನಂಬಲಿ ಎಂದು ಕಂಪ್ಯೂಟರ್ ತೋರಿಸಿದ್ದು ನನ್ನ ದಡ್ಡತನ. ಅದರಲ್ಲಿ ‘ಬಂಗುಡೆ, ಮುನ್ನೂರು ಕೆಜಿ’ ಎಂದಿತ್ತು. ಅವರ ಮುಖ ಗಂಟಾಯಿತು.

“ಲೆಕ್ಕ ಬಂದ ಮೇಲೆ ಮಾಲು ಬಂದಿರಲೇಬೇಕಲ್ಲ ಸಾರ್. ಪಕ್ಕದ ರಾಜರಾಜೇಶ್ವರಿನಗರದೋರಿಗಾದ್ರೆ ಕೊಡ್ತೀರಾ, ನಮಗಿಲ್ವಾ?”

ಅಲ್ಲಾಡುವ ಮುಳ್ಳು

ಇನ್ನೊಂದು ಸಲ ಒಂದೇ ಬುಟ್ಟಿ ಮೀನಿಗೆ ಎರಡು ತೂಕ ಬರೆದು ಬಂತು. ತಡೆಯಲಾಗದೆ ಬೋಟಿನಲ್ಲಿ ತೂಕ ಮಾಡುವವರಿಗೇ ಫೋನ್ ಮಾಡಿ, ಒಂದು ವಸ್ತುವಿಗೆ ಎರಡು ತೂಕ ಹೇಗ್ರೀ ಎಂದು ದಬಾಯಿಸಿದೆ. ಅವರು ಕರಾವಳಿಯವರು, ಸಮಾಧಾನಿ. ಅಲೆ ಬಂದಾಗ ತಕ್ಕಡಿಯ ಮುಳ್ಳು ಮೇಲೆ ಹೋಗುತ್ತದೆ, ಆಗೊಂದು ಓದುತ್ತೇವೆ. ಅಲೆ ಇಳಿದಾಗ ಕೆಳಗೆ ಬರುತ್ತದೆ, ಆಗೊಂದು ಓದುತ್ತೇವೆ ಎಂದು ವಿವರಿಸಿದರು. ಎರಡರಲ್ಲಿ ಸರಿ ಯಾವುದು ಎಂದು ನಾನು ಬಿಡದೆ ಕೇಳಿದೆ.

“ನಿಮ್ಮ ಆಫೀಸು ಅಲ್ಲಾಡುದಿಲ್ಲ ಅಲ್ವಾ ಮಾರಾಯ್ರೆ? ಸರಿಯಾದದ್ದು ನೀವೇ ಬರ್ಕೊಳ್ಳಿ.”

ಬರಿಗೈಲಿ ಕಳಿಸಬಾರದು

ಹಾಳೆ ನೋಡಿ ಟೈಪು ಮಾಡುವವರು ಕುರುಬರಹಳ್ಳಿಯಿಂದ ಬರುವ ಒಬ್ಬ ಆಂಟಿ. ಅಕ್ಷರ ತಪ್ಪುವವರಲ್ಲ. ಅವರ ಮೇಲೆ ನನಗೆ ಅನುಮಾನವೇ ಇರಲಿಲ್ಲ.

ಒಂದು ಶುಕ್ರವಾರ ಬೆಳಿಗ್ಗೆ ಕರಾವಳಿಯ ವಿಜ್ಞಾನಿ ಮೇಡಂ ಫೋನ್ ಮಾಡಿದರು. ದನಿಯಲ್ಲೇ ಸಂಭ್ರಮ. ಗರಗಸದಂಥ ಮೂತಿಯ ಮೀನೊಂದಿದೆ. ವರ್ಷಗಳಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ನಾವು ಕಳಿಸಿದ ಲೆಕ್ಕದಲ್ಲಿ ಪ್ರತಿ ಬಲೆಗೂ ಒಂದೊಂದು ಬಿದ್ದಿದೆ. ನಾಳೆ ಸಭೆಯಲ್ಲಿ ಹೇಳಬೇಕು, ಸಂಜೆಯೊಳಗೆ ಲೆಕ್ಕ ಸರಿ ಎಂದು ಸಹಿ ಹಾಕಿ ಕಳಿಸಿ ಎಂದರು. ಜೊತೆಗೆ ಒಂದು ಎಚ್ಚರಿಕೆ ಕೊಟ್ಟರು. ಮೀನು ಬೇಕಾದಷ್ಟಿದೆ ಎಂದರೆ ಅದನ್ನು ಕಾಯುವ ಕೆಲಸ ನಿಲ್ಲುತ್ತದೆ, ಒಂದೂ ಇಲ್ಲ ಎಂದರೂ ನಿಲ್ಲುತ್ತದೆ.

ಫೋನ್ ಇಟ್ಟ ಮೇಲೆ ನನಗೆ ಅನುಮಾನ ಶುರುವಾಯಿತು. ಪ್ರತಿ ಬಲೆಗೂ ಸರಿಯಾಗಿ ಒಂದೇ ಬೀಳುವುದಕ್ಕೆ ಮೀನೇನು ಪಾಳಿ ಹಾಕಿಕೊಂಡಿದೆಯೇ? ಕೆರೆಯ ತನಕ ನಡೆದು ವಾಪಸ್ ಬಂದೆ. ಮತ್ತೆ ನೋಡಿದರೆ ಉಳಿದ ಮೀನುಗಳೂ ಐವತ್ತೊಂದು, ನೂರೊಂದು, ಐನೂರೊಂದು. ಆಂಟಿಯನ್ನು ಕೇಳಿದೆ.

“ತಪ್ಪೇನಿಲ್ಲ ಸಾರ್. ಕೊನೇಲಿ ಸೊನ್ನೆ ಬಂದ ಕಡೆ ಒಂದು ಸೇರಿಸ್ದೆ, ಅಷ್ಟೇ. ಮದುವೇಲಿ ಮುಯ್ಯಿ ಮಾಡುವಾಗ ನೂರು ಕೊಡ್ತೀವಾ? ನೂರೊಂದಲ್ವಾ?”

“ಬರೀ ಸೊನ್ನೆ ಇದ್ದ ಕಡೆ?”

“ಅದಕ್ಕಂತೂ ಸೇರಿಸಲೇಬೇಕಲ್ಲ. ಪಾಪ, ಬರಿಗೈಲಿ ಕಳಿಸಕ್ಕಾಗತ್ತಾ?”

ತಲೆ ಕೆಟ್ಟುಹೋಯಿತು. ಆಂಟಿಯನ್ನು ಎಬ್ಬಿಸಿ ಅವರ ಕುರ್ಚಿಯಲ್ಲಿ ನಾನೇ ಕೂತೆ. ನೂರೊಂದನ್ನು ನೂರು ಮಾಡಿದೆ, ಗರಗಸದ ಮೀನಿನ ಒಂದನ್ನೆಲ್ಲ ಹಾಳೆ ಕೂಡ ನೋಡದೆ ಸೊನ್ನೆ ಮಾಡಿದೆ. ಇಲ್ಲದ ಮೀನೇ ಆದರೂ ಅಳಿಸುವಾಗ ದುಃಖವಾಯಿತು. ಸಹಿಯ ಫಾರಂನಲ್ಲಿ ಎಷ್ಟು ಸಲ ತಿದ್ದಿದಿರಿ ಎಂಬ ಪ್ರಶ್ನೆಯಿತ್ತು. ಎಣಿಸಿದೆ, ಸರಿಯಾಗಿ ಇನ್ನೂರು. ಬರೆದೆ.

ಹಿಂದೆ ನಿಂತಿದ್ದ ಆಂಟಿ, ಇನ್ನೂರು ಅಂತ ಕಳಿಸಬೇಡಿ ಸಾರ್, ಇನ್ನೊಂದು ತಪ್ಪು ಹುಡುಕಿ ಎಂದರು. ಮೈಯೆಲ್ಲ ಉರಿಯಿತು. ಇನ್ನೊಂದು ತಪ್ಪೂ ಇಲ್ಲ ಎಂದು ತೋರಿಸಿಯೇ ತೀರುತ್ತೇನೆಂದು ಬೋಟಿನ ಹಾಳೆಗಳ ಕಟ್ಟು ಬಿಚ್ಚಿ, ಒಂದೊಂದನ್ನೇ ಅವರ ಮುಂದೆ ಓದತೊಡಗಿದೆ. ಗರಗಸದ ಮೀನು, ಸೊನ್ನೆ. ಗರಗಸದ ಮೀನು, ಸೊನ್ನೆ. ಕಟ್ಟು ಮುಗಿಯುತ್ತ ಬಂದಾಗ ಒಂದು ಹಾಳೆಯಲ್ಲಿ ಬೋಟಿನವರೇ ಪೆನ್ಸಿಲ್ಲಿನಲ್ಲಿ ಬರೆದಿದ್ದರು: ‘ಒಂದು. ಜೀವ ಇತ್ತು. ಫೋಟೋ ತೆಗೆದು ನೀರಿಗೆ ಬಿಟ್ಟೆವು.’

ಫೋಟೋವೂ ಇತ್ತು. ಆ ಮೀನನ್ನು ಸೊನ್ನೆ ಮಾಡಿದವನು ನಾನು. ಮತ್ತೆ ಒಂದು ಎಂದು ಟೈಪಿಸಿ, ಫಾರಂನಲ್ಲಿ ಇನ್ನೂರ ಒಂದು ಎಂದು ತಿದ್ದಿ, ತಲೆ ತಗ್ಗಿಸಿ ಕೂತೆ. ಆಂಟಿ ಬೆನ್ನು ತಟ್ಟಿದರು.

“ಬೇಜಾರು ಮಾಡ್ಕೋಬೇಡಿ ಸಾರ್. ಇನ್ನೂರು ಸಲ ತಿದ್ದಿದ್ದು ನನ್ನಿಂದ, ಒಂದು ಸಲ ನಿಮ್ಮಿಂದ. ಆ ಒಂದು ಸೇರಿದ್ರೇನೇ ಶುಭ.”